ಬ್ಯಾಂಕಿನ ಮನೆಯ ಹೊರಗೆ ನಿಂತ ಅಣ್ಣನಿಗೆ

ಕಾಪು
ಶನಿವಾರ, ಮಧ್ಯಾಹ್ನ

ಯಶು ಅಣ್ಣಾ,

ಕ್ಷೇಮ ಸಮಾಚಾರ ಕೇಳುವ ಸ್ಥಿತಿಯಲ್ಲಿ ನೀನಿಲ್ಲ, ಹೇಳುವ ಸ್ಥಿತಿಯಲ್ಲಿ ನಾನಿಲ್ಲ. ಹಾಗಾಗಿ ಅದನ್ನು ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ. ಮನೆಯ ಸಾಲ ಮುಗಿಯಿತು. ಇಪ್ಪತ್ತು ವರ್ಷಕ್ಕೆಂದು ನಾವಿಬ್ಬರು ಸಹಿ ಹಾಕಿದ್ದನ್ನು ನಾನೊಬ್ಬಳೇ ಹತ್ತು ವರ್ಷದೊಳಗೆ ತೀರಿಸಿ, ಮೊನ್ನೆ ಗುರುವಾರ ಉಡುಪಿಗೆ ಹೋಗಿ ಕಾಗದಪತ್ರ ಬಿಡಿಸಿಕೊಂಡು ಬಂದೆ. ಲಕೋಟೆಯಲ್ಲಿ ನಮ್ಮ ಮೊದಲ ಅರ್ಜಿಯೂ ಇತ್ತು. ಅದರಲ್ಲಿ ನಿನ್ನ ಫೋಟೋ. ಪಿನ್ನನ್ನು ಸರಿಯಾಗಿ ನಿನ್ನ ಹಣೆಗೇ ಹೊಡೆದಿದ್ದಾರೆ, ತುಕ್ಕು ಇಳಿದು ಮೂಗಿನವರೆಗೆ ಬಂದಿದೆ. ಬಸ್ಸಿನಲ್ಲಿ ಅದನ್ನು ಬೆರಳಿನಿಂದ ಒರೆಸುತ್ತಾ ಕೂತಿದ್ದೆ. ಪಕ್ಕದ ಹೆಂಗಸು ‘ಯಾರು, ಗಂಡನಾ?’ ಎಂದು ಕೇಳಿದಳು. ‘ಅಲ್ಲ, ಅಣ್ಣ’ ಎಂದೆ.

ಸಾಲ ಮಾಡಿದ ದಿನ ಅವರು ವಿಮೆಯ ಕಾಗದವನ್ನೂ ಮುಂದಿಟ್ಟಿದ್ದರು, ನೆನಪುಂಟಾ? ಸಾಲಗಾರ ಸತ್ತರೆ ಉಳಿದದ್ದನ್ನು ವಿಮೆಯವರು ಕಟ್ಟುತ್ತಾರೆ ಎಂದರು. ನೀನು ನಕ್ಕುಬಿಟ್ಟೆ. ‘ನಾನೆಂತ ನಾಳೆಯೇ ಸಾಯ್ತೇನಾ ಮಾರಾಯ್ರೆ? ಆ ದುಡ್ಡಿಗೆ ಬಾವಿಗೊಂದು ಪಂಪು ಬರ್ತದೆ’ ಎಂದು ಆ ಕಾಗದವನ್ನು ಪಕ್ಕಕ್ಕೆ ಸರಿಸಿದೆ. ಪಂಪು ಬಂತು. ಮನೆಯ ವೈರಿಂಗ್ ಪೂರಾ ನೀನೇ ಮಾಡಿದೆ. ಚಾವಡಿಯ ಲೈಟಿನ ಸ್ವಿಚ್ಚನ್ನು ಬಾಗಿಲಿನ ಹಿಂದೆ ಕೂರಿಸಿ, ‘ಮತ್ತೆ ಸರಿ ಮಾಡುವ’ ಎಂದೆ. ಗೃಹಪ್ರವೇಶವಾಗಿ ಎಂಟು ತಿಂಗಳಿಗೆ ಯಾರದೋ ಗದ್ದೆಯ ಮೋಟಾರು ರಿಪೇರಿಗೆಂದು ಕೆಸರು ನೀರಿಗಿಳಿದು ಬಂದವನಿಗೆ ಇಲಿಜ್ವರ. ಮಣಿಪಾಲದ ಆಸ್ಪತ್ರೆಯಲ್ಲಿ ಎಂಟು ದಿನ. ಒಂಬತ್ತನೆಯ ದಿನ ನಿನ್ನನ್ನು ಅಂಗಳಕ್ಕೆ ತಂದರು, ಅಂಗಳದಿಂದಲೇ ಕೊಂಡುಹೋದರು. ಆ ಸ್ವಿಚ್ಚಿಗೆ ಕೈ ಹಾಕುವಾಗೆಲ್ಲ ನಿನಗೆ ಬೈಯುತ್ತೇನೆ, ಇವತ್ತಿಗೂ.

ಬೊಜ್ಜದ ದಿನ, ನಿನ್ನ ಉತ್ತರಕ್ರಿಯೆಯ ದಿನ, ನಡೆದದ್ದನ್ನು ಹೇಳದೆ ಉಳಿದದ್ದು ಹೇಳಲಿಕ್ಕಾಗುವುದಿಲ್ಲ. ನಮ್ಮವರ ಕ್ರಮ ನಿನಗೆ ಗೊತ್ತಿದ್ದದ್ದೇ. ಕರ್ಮವೆಲ್ಲ ಮುಗಿದ ಮೇಲೆ ಹೊಸ್ತಿಲಲ್ಲಿ ನಿಂತು, ಸತ್ತವರ ಹೆಸರು ಹಿಡಿದು ಮೂರು ಸಲ ಒಳಗೆ ಕರೆಯಬೇಕು. ಒಳಕೋಣೆಯಲ್ಲಿ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಮುಚ್ಚಿ ನಾವು ಹೊರಗೆ ಕೂರಬೇಕು. ಅಲ್ಲಿಗೆ ಅವರು ಹಿರಿಯರ ಸಾಲಿಗೆ ಸೇರಿದ ಹಾಗೆ. ಕರೆಯದಿದ್ದರೆ ಅವರು ಹೊರಗೇ, ಅಂಗಳದಲ್ಲೇ ಉಳಿಯುತ್ತಾರೆ. ನಾನು ಎಲೆ ತೊಳೆದು ತಂದಾಗ ಅಮ್ಮ ಹೊಸ್ತಿಲಿಗೆ ಅಡ್ಡ ಕೂತಿದ್ದಳು. ‘ಇದು ನಮ್ಮ ಮನೆ ಅಲ್ಲ, ಬ್ಯಾಂಕಿನ ಮನೆ’ ಎಂದಳು. ‘ಬೇರೆಯವರ ಮನೆಯೊಳಗೆ ನನ್ನ ಮಗನನ್ನು ಕರೆಯುವುದು ಹೇಗೆ? ನಾಳೆ ಅವರು ಬೀಗ ಹಾಕಿದರೆ ಅವನು ಎಲ್ಲಿಗೆ ಹೋಗುವುದು? ಕಾಗದ ಕೈಗೆ ಬರಲಿ. ಆಮೇಲೆ ಕರೆಯುವ.’ ನಾನು ಎಲೆಯನ್ನು ತೆಗೆದುಕೊಂಡು ಹೋಗಿ ಹಟ್ಟಿಯ ದನಕ್ಕೆ ಹಾಕಿದೆ.

ಅವತ್ತಿನಿಂದ ನೀನು ಹೊರಗೆ ನಿಂತೆ ಅಣ್ಣ. ಜನ ಹೇಳುವ ಹಾಗೆ ಬಿಳಿ ಬಟ್ಟೆಯೂ ಇಲ್ಲ, ಸದ್ದೂ ಇಲ್ಲ. ಸಂಜೆ ದೀಪ ಹಚ್ಚುವಾಗ ಬೆನ್ನ ಹಿಂದೆ, ಮೆಟ್ಟಿಲ ಕೆಳಗೆ, ಚಪ್ಪಲಿ ಕಳಚಿಟ್ಟು, ಯಾರಾದರೂ ಬಾ ಎನ್ನಲಿ ಎಂದು ಸಂಕೋಚದಲ್ಲಿ ಕಾಯುವವರು ಇರುತ್ತಾರಲ್ಲ, ಹಾಗೆ, ಅಷ್ಟೇ. ತಿರುಗಿ ನೋಡಿದರೆ ಅಂಗಳ ಮಾತ್ರ. ಮೊದಲ ಮಳೆಗಾಲದಲ್ಲಿ ನನಗೆ ತಡೆಯಲಿಕ್ಕಾಗಲಿಲ್ಲ, ನಿನ್ನ ಹಳೇ ಕೊಡೆಯನ್ನು ಹೊರಗಿನ ಮೊಳೆಗೆ ನೇತುಹಾಕಿದೆ. ಆಮೇಲೆ ಪ್ರತಿ ಜೂನಿನಲ್ಲೂ ಹಾಕಿದೆ. ಅಮ್ಮ ನೋಡಿಯೂ ಏನೂ ಕೇಳಲಿಲ್ಲ. ಇನ್ನೊಂದು ಹುಚ್ಚು ಕೇಳು. ಮನೆಗೆ ಬಂದವರಿಗೆ ‘ಬನ್ನಿ ಒಳಗೆ’ ಎಂದು ನಾನು ಒಂಬತ್ತು ವರ್ಷದಿಂದ ಹೇಳಿಲ್ಲ. ನಿನಗೆ ಕೇಳಿಸಿದರೆ? ಬೇರೆಯವರನ್ನೆಲ್ಲ ಕರೆಯುತ್ತಾಳೆ, ನನ್ನನ್ನು ಬಿಟ್ಟು, ಎಂದು ನಿನಗೆ ಅನಿಸಿದರೆ? ‘ಕೂತುಕೊಳ್ಳಿ, ಬಾಯಾರಿಕೆಗೆ ತರ್ತೇನೆ’ ಎಂದು ಹೊರಗಿನ ಜಗಲಿಯಲ್ಲೇ ಎಲ್ಲರನ್ನೂ ಕೂರಿಸಿದೆ. ಊರಲ್ಲಿ ನನಗೆ ಜಂಬದವಳು ಎಂದು ಹೆಸರು ಬಂತು.

ಕಡಿಯಾಳಿಯಲ್ಲಿ ಶರೋನ್ ಬಾಯಿಯ ಟೈಲರಿಂಗ್ ಅಂಗಡಿಯಲ್ಲಿ ಸಂಬಳ. ಅದು ಬಿಟ್ಟು ಮನೆಗೆ ತಂದ ರವಕೆಗಳು, ಸೀರೆಯ ಫಾಲ್, ಮದುವೆ ಸೀಸನ್ನಿನ ಕೈಕೆಲಸ. ಅಮ್ಮ ಬುಟ್ಟಿ ಹೊತ್ತು ಮೀನು ಮಾರಿದ್ದರಲ್ಲಿ ಊಟ ನಡೆಯುತ್ತಿತ್ತು, ನನ್ನದು ಪೂರಾ ಸಾಲಕ್ಕೆ. ಕಂತು ಕಟ್ಟಿ, ಮೇಲೆ ಸಿಕ್ಕಿದ್ದನ್ನೂ ಅಸಲಿಗೆ ಕಟ್ಟುತ್ತಿದ್ದೆ. ಬ್ಯಾಂಕಿನಲ್ಲಿ ಕ್ಲಾಯ್ಡ್ ಎಂಬವರೊಬ್ಬರಿದ್ದರು, ಒಳ್ಳೆಯ ಮನುಷ್ಯ. ‘ಎಂತಕ್ಕೆ ಇಷ್ಟು ಅವಸರ ಮೇಡಂ? ಇದು ಕಡಿಮೆ ಬಡ್ಡಿಯ ಸಾಲ, ಆರಾಮಾಗಿ ಕಟ್ಟಿ. ನಿಮಗೂ ನಾಲ್ಕು ಬಳೆ ಮಾಡಿಸಿಕೊಳ್ಳಿ’ ಎಂದರು. ‘ನನ್ನ ಅಣ್ಣ ಹೊರಗೆ ನಿಂತಿದ್ದಾನೆ ಸರ್’ ಎಂದುಬಿಟ್ಟೆ, ಹೇಗೆ ಬಾಯಿಗೆ ಬಂತೋ. ಅವರು ಗಾಜಿನ ಬಾಗಿಲಿನ ಕಡೆ ಕತ್ತು ಉದ್ದ ಮಾಡಿ ನೋಡಿ, ‘ಅಯ್ಯೋ, ಒಳಗೆ ಕರೀರಿ ಮಾರಾಯ್ರೆ, ಎಸಿ ಉಂಟು, ಕುರ್ಚಿ ಉಂಟು’ ಎಂದರು. ಹೊರಗೆ ಬಂದು ಮೆಟ್ಟಿಲಲ್ಲಿ ಕೂತು ನಕ್ಕೆ. ನಕ್ಕದ್ದು ಯಾವಾಗ ಅಳುವಾಯಿತೋ ಗೊತ್ತಾಗಲಿಲ್ಲ.

ಕಾರ್ಕಳದಿಂದ ಒಂದು ಸಂಬಂಧವೂ ಬಂದಿತ್ತು. ಹುಡುಗನಿಗೆ ಅಲ್ಲಿ ಜೆರಾಕ್ಸ್ ಅಂಗಡಿ, ಮಾತು ಕಡಿಮೆ, ನನಗೆ ಮನಸ್ಸಿತ್ತು. ಸಾಲ ಮುಗಿಯಲಿ ಎಂದೆ. ಪಾಪ, ಎರಡು ವರ್ಷ ಕಾದ. ಕಳೆದ ತಿಂಗಳು ಹೆಂಡತಿಯ ಜೊತೆ ನಮ್ಮ ಟೈಲರಿಂಗ್ ಅಂಗಡಿಗೆ ಬಂದಿದ್ದ, ಮಗಳಿಗೆ ಫ್ರಾಕು ಹೊಲಿಸಲು. ಅಳತೆ ತೆಗೆದವಳು ನಾನೇ. ಮಗುವಿನ ಕೈ ಸಣ್ಣದು, ನೋಡಲಿಕ್ಕೆ ಅವನ ಹಾಗೆಯೇ ಉಂಟು.

ಗುರುವಾರ ಲಕೋಟೆ ಕೈಗೆ ಬಂದಾಗ ಇದರ ತೂಕವೆಲ್ಲ ಇಳಿದ ಹಾಗಾಯಿತು, ಸುಳ್ಳು ಯಾಕೆ ಹೇಳಲಿ. ಶರೋನ್ ಬಾಯಿ ‘ಇನ್ನು ನೀನು ಮಹಾರಾಣಿ ಮಾರಾಯ್ತಿ, ಒಂದು ವಾರ ಮೆಷಿನ್ ಮುಟ್ಟಬೇಡ’ ಎಂದು ರಜೆ ಕೊಟ್ಟಳು. ಉಡುಪಿಯಲ್ಲಿ ಒಬ್ಬಳೇ ಕೂತು ದೊಡ್ಡ ಗ್ಲಾಸಿನಲ್ಲಿ ಗಡ್‌ಬಡ್ ಐಸ್‌ಕ್ರೀಮ್ ತಿಂದೆ. ಸ್ಟ್ಯಾಂಡಿನಿಂದ ಮನೆಗೆ ರಿಕ್ಷಾ ಮಾಡಿದೆ. ಗೇಟಿನಲ್ಲಿ ಇಳಿದು, ಯಾರೂ ಇಲ್ಲದ್ದು ನೋಡಿ, ‘ಇನ್ನು ಎರಡು ದಿನ ಅಣ್ಣ, ಅಷ್ಟೇ’ ಎಂದು ಅಂಗಳಕ್ಕೆ ಹೇಳಿದೆ.

ಶುಕ್ರವಾರ ಬೆಳಿಗ್ಗೆ ಬೂಬ ಮಾವನ ಮನೆಗೆ ಹೋದೆ. ಅಮ್ಮನ ತಮ್ಮ, ಈಗ ನಮ್ಮವರ ಗುರಿಕಾರ. ಮದುವೆಯಿಂದ ಬೊಜ್ಜದವರೆಗೆ ಅವರು ನಿಂತರೇ ಕಾರ್ಯ. ಸಾಲ ತೀರಿತು, ಇನ್ನು ಯಶು ಅಣ್ಣನನ್ನು ಒಳಗೆ ಕರೆಯಬಹುದಲ್ಲ, ದಿನ ಹೇಳಿ ಎಂದೆ. ಅವರು ಕನ್ನಡಕ ತೆಗೆದರು. ‘ಸಾಲಕ್ಕೂ ಇದಕ್ಕೂ ಎಂತ ಸಂಬಂಧ? ಬ್ಯಾಂಕಿನ ಸಾಲ ಇಲ್ಲದ ಮನೆ ಈ ಊರಲ್ಲಿ ಎಷ್ಟುಂಟು? ಹಾಗಾದರೆ ನಮ್ಮ ಸತ್ತವರೆಲ್ಲ ಅಂಗಳದಲ್ಲೇ ನಿಲ್ಲಬೇಕಾ? ಅಂಥ ಕ್ರಮ ಎಂತದೂ ಇಲ್ಲ ಮಗಾ.’ ಆಮೇಲೆ ಸ್ವರ ತಗ್ಗಿಸಿ ಹೇಳಿದರು, ‘ಅವತ್ತು ನಿನ್ನ ಅಮ್ಮನಿಗೆ, ವಾರಿಜಕ್ಕನಿಗೆ, ನಾನೂ ಹೇಳಿದ್ದೆ. ಅವಳು ಕೈ ಮುಗಿದಳು, ಈಗ ಒಂದು ಮಾತೂ ಆಡಬೇಡ ಅಂತ. ನಿನಗೆ ಗೊತ್ತುಂಟು ಅಂತ ನಾನು ತಿಳಿದದ್ದು.’

ಅಲ್ಲಿಂದ ಹೇಗೆ ಮನೆಗೆ ಬಂದೆನೋ ಗೊತ್ತಿಲ್ಲ. ಅಮ್ಮ ಹಿತ್ತಲಿನ ನಲ್ಲಿಯ ಹತ್ತಿರ ಬೂತಾಯಿ ಮೀನು ಶುದ್ಧ ಮಾಡುತ್ತಿದ್ದಳು. ಕೂಗಿದೆ ಅಣ್ಣ. ಹೆತ್ತ ತಾಯಿಗೆ ಹೇಳಬಾರದ್ದನ್ನೆಲ್ಲ ಹೇಳಿದೆ. ನನ್ನ ಕಣ್ಣು ಹೋಯಿತು, ಬೆನ್ನು ಹೋಯಿತು, ಬಂದ ಸಂಬಂಧ ಹೋಯಿತು, ನಿನ್ನ ಒಂದು ಸುಳ್ಳಿಗೆ, ಎಂದೆ. ಅವಳು ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಮೀನನ್ನು ಮುಗಿಸಿ, ಇನ್ನೊಂದನ್ನು ತೆಗೆದುಕೊಂಡು, ಅದಕ್ಕೆ ಹೇಳುವವಳ ಹಾಗೆ ಹೇಳಿದಳು. ‘ಒಳಗೆ ಕರೆದರೆ ಅವನು ಹಿರಿಯರ ಸಾಲಿಗೆ ಹೋಗುತ್ತಾನೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವನು ನನಗೆ ಹಿರಿಯ ಆಗುವುದಾ? ಅವತ್ತು ಬಾಯಿಗೆ ಬಂದದ್ದು ಹೇಳಿದೆ. ಇಪ್ಪತ್ತು ವರ್ಷದ ಸಾಲ ಅಂದಿದ್ದಿರಿ ನೀವು. ಅಷ್ಟರೊಳಗೆ ನಾನು ಹೋಗಿ ಆಗ್ತದೆ. ಮೊದಲು ನನ್ನನ್ನು ಕರೀತಾರೆ, ಮತ್ತೆ ಅವನನ್ನು. ಆಗ ಸಾಲು ಸರಿಯಾಗ್ತದೆ ಅಂತ ಎಣಿಸಿದೆ. ನೀನು ಹತ್ತು ವರ್ಷದೊಳಗೆ ಮುಗಿಸ್ತಿ ಅಂತ ನನಗೆಂತ ಗೊತ್ತು ಮಗಾ?’

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಅವಳ ಪಕ್ಕದಲ್ಲಿ ಕೂತು ನಾನೂ ಮೀನು ಶುದ್ಧ ಮಾಡಿದೆ. ಸಾಲ ಬೇಗ ತೀರಲಿ ಎಂದು ಒಂದೇ ಸೂರಿನಡಿಯಲ್ಲಿ ನಾನು, ತೀರದೇ ಇರಲಿ ಎಂದು ಅವಳು. ನಾನು ಸಂಬಳ ತಂದ ದಿನವೆಲ್ಲ ಅವಳಿಗೆ ಹೇಗಾಗಿರಬೇಡ! ‘ಇಷ್ಟು ದುಡಿಯಬೇಡ’ ಎಂದು ಅವಳು ಗದರುವಾಗ ನನ್ನ ಮೇಲಿನ ಪ್ರೀತಿ ಎಂದುಕೊಳ್ಳುತ್ತಿದ್ದೆ. ಅದೂ ಇದ್ದಿರಬಹುದು.

ಆದರೆ ಅವಳೊಬ್ಬಳನ್ನೇ ದೂರಿದರೆ ನನ್ನ ನಾಲಿಗೆ ಬಿದ್ದುಹೋದೀತು. ಬೂಬ ಮಾವನ ಮನೆ ನಮ್ಮಿಂದ ನಾಲ್ಕನೆಯದು. ಒಂಬತ್ತು ವರ್ಷದಲ್ಲಿ ಯಾವ ದಿನ ಬೇಕಾದರೂ ಹೋಗಿ ಕೇಳಬಹುದಿತ್ತು. ಯಾಕೆ ಕೇಳಲಿಲ್ಲ ಅಣ್ಣ? ನಿನ್ನೆಯಿಂದ ಇದನ್ನೇ ಯೋಚಿಸುತ್ತಿದ್ದೇನೆ. ಕೇಳಿದ್ದರೆ ಅವತ್ತೇ ನಿನ್ನನ್ನು ಒಳಗೆ ಕರೆದು, ಉಣ್ಣಿಸಿ, ಕಳಿಸಿಕೊಡಬೇಕಾಗುತ್ತಿತ್ತು. ಸಾಲ ಇರುವವರೆಗೆ ನೀನಿದ್ದೆ. ಮೆಷಿನ್ ತುಳಿಯುವಾಗ ನಿನ್ನ ಹತ್ತಿರ ಜಗಳವಾಡುತ್ತಿದ್ದೆ, ವಿಮೆಗೆ, ಸ್ವಿಚ್ಚಿಗೆ, ಕಾರ್ಕಳದವನಿಗೆ. ಎಲ್ಲರೂ ನನ್ನನ್ನು ಒಂಟಿ ಎಂದರು, ನಾನು ಒಂದು ದಿನವೂ ಒಂಟಿಯಾಗಿರಲಿಲ್ಲ. ಇನ್ನು ನೀನಿರುವುದಿಲ್ಲ ಎಂಬ ಹೆದರಿಕೆ ಗುರುವಾರ ಗಡ್‌ಬಡ್ ತಿನ್ನುವಾಗಲೇ ಹುಟ್ಟಿತ್ತು. ನಾನು ಸುಳ್ಳನ್ನು ನಂಬಿದ್ದು ಅಲ್ಲ, ಅಮ್ಮ ಕೊಟ್ಟದ್ದನ್ನು ಗಟ್ಟಿ ಹಿಡಿದುಕೊಂಡದ್ದು.

ನಿನ್ನೆ ಸಂಜೆ ಅಮ್ಮನ ಹತ್ತಿರ ಹೇಳಿದೆ, ಬೇಡವಾದರೆ ಬೇಡ, ನಿನ್ನ ಕಾಲದವರೆಗೆ ಹೀಗೇ ಇರಲಿ ಎಂದು. ಅವಳು ಅಂಗಳದ ಕಡೆ ನೋಡಿದಳು. ‘ಬೇಡ ಮಗಾ. ಒಂಬತ್ತು ಮಳೆಗಾಲ ನೆನೆದದ್ದು ಸಾಕು ಅವನು. ಸಾಲು ತಪ್ಪಿದರೆ ತಪ್ಪಲಿ. ಆದರೆ ನೀನೇ ಕರಿ, ನನಗೆ ಸ್ವರ ಬರುವುದಿಲ್ಲ’ ಎಂದಳು. ಅವಳಿಗೂ ನೀನು ಕಾಣುತ್ತಿದ್ದೆ ಎಂದು ನನಗೆ ಆಗಲೇ ಗೊತ್ತಾದದ್ದು.

ನಾಳೆ ಮಧ್ಯಾಹ್ನ. ಬೂತಾಯಿ ಪುಳಿಮುಂಚಿ, ಕೋರಿ ರೊಟ್ಟಿ, ಬೂಬ ಮಾವ ಒಂದು ಕುಪ್ಪಿ ಶೇಂದಿ ತರುತ್ತಾರೆ. ಮಟ್ಟುಗುಳ್ಳ ಬದನೆ ನಿನಗೆ ಆಗುವುದಿಲ್ಲ, ಗೊತ್ತುಂಟು. ಅಮ್ಮ ಬಡಿಸಿಯೇ ಬಡಿಸುತ್ತಾಳೆ, ಮುಖ ಸಿಂಡರಿಸದೆ ತಿನ್ನು.

ಹೊಸ್ತಿಲಲ್ಲಿ ನಿಂತು ಹೆಸರು ಹಿಡಿದು ಕರೆಯುತ್ತೇನೆ. ಎರಡು ಸಲ ಖಂಡಿತ ಕರೆಯುತ್ತೇನೆ. ಮೂರನೆಯದಕ್ಕೆ ನನ್ನ ಸ್ವರ ನಿಂತುಹೋದರೆ, ಕ್ರಮ ಪೂರ್ತಿಯಾಗಲಿಲ್ಲ ಎಂದು ನೀನು ಅಲ್ಲೇ ನಿಲ್ಲಬೇಡ. ನಾನು ಬೇಕೆಂದೇ ನಿಲ್ಲಿಸಿದೆ ಎಂದು ಅನಿಸಿದರೂ ನಿಲ್ಲಬೇಡ. ನನ್ನನ್ನು ದಾಟಿಕೊಂಡು ಬಾ.

ಹೊಟ್ಟೆ ತುಂಬ ಉಣ್ಣು ಅಣ್ಣ, ಆಮೇಲೆ ತಣ್ಣಗಿರು.

ಬಾಗಿಲಿನಿಂದ ಪಕ್ಕಕ್ಕೆ ಸರಿಯಲು ಕಲಿಯುತ್ತಿರುವ
ನಿನ್ನ ತಂಗಿ,
ದೀಕ್ಷಿತಾ