ಅಂಬಿಗ ಮಾಸ್ತರನ ಕಡೆಯ ಇಪ್ಪತ್ತು ನಿಮಿಷ

ಸೈಪ್ರೆಸ್, ಹ್ಯೂಸ್ಟನ್
ಬುಧವಾರ, 12 ಮಾರ್ಚ್ 2008

ಪ್ರೀತಿಯ ದಿಯಾ,

ದೊಡ್ಡ ಅಕ್ಷರದಲ್ಲಿ, ಒಂದು ಸಾಲು ಬಿಟ್ಟು ಒಂದು ಸಾಲು ಬರೆಯುತ್ತಿದ್ದೇನೆ. ನೀನು ಕನ್ನಡ ಓದುವುದನ್ನು ಬಿಟ್ಟು ಎಷ್ಟು ವರ್ಷವಾಯಿತೋ ಗೊತ್ತಿಲ್ಲ. ಒತ್ತಕ್ಷರ ಬಂದಲ್ಲಿ ನಿಂತು ಓದು. ಅರ್ಥವಾಗದಿದ್ದರೆ ಅಮ್ಮನಿಗೆ ಫೋನ್ ಮಾಡಬೇಡ, ಇನ್ನೊಮ್ಮೆ ಓದು. ಇದು ನಿನ್ನ ಅಮ್ಮ ಹೇಳಿ ಬರೆಸಿದ ಪತ್ರವಲ್ಲ. ನಾನು ಬರೆಯುತ್ತಿರುವುದು ನಳಿನಿಗೆ ಗೊತ್ತೂ ಇಲ್ಲ.

ಭಾನುವಾರ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ನೀನು ಹೇಳಿದ ಒಂದು ಮಾತು ನನ್ನನ್ನು ಕೂರಲು ಬಿಡುತ್ತಿಲ್ಲ. ಅಡುಗೆಮನೆಯಿಂದ ಗ್ಯಾರೇಜಿಗೆ, ಗ್ಯಾರೇಜಿನಿಂದ ಮತ್ತೆ ಅಡುಗೆಮನೆಗೆ ತಿರುಗುತ್ತಿದ್ದೇನೆ. ನಿನ್ನೆ ಚಹಾ ಮಾಡಿ ಕುಡಿಯುವುದನ್ನು ಮರೆತು ಇನ್ನೊಮ್ಮೆ ಚಹಾಕ್ಕಿಟ್ಟೆ. ಕುಮುದಾ ಆಂಟಿ ಕ್ಲಿನಿಕ್‌ನಿಂದ ಬಂದವಳೇ, "ನೀವು ಒಂದ್ ಕಡೆ ಕೂಡ್ರಿ. ನೆಲ ಸವೀತದ" ಎಂದು ಗದರಿದಳು. ಅವಳಿಗೂ ನಾನು ಕಾರಣ ಹೇಳಿರಲಿಲ್ಲ. ಇವತ್ತು ಬೆಳಿಗ್ಗೆ ಹೇಳಿದೆ.

ನೀನು ಹೇಳಿದ ಮಾತು ನಿನಗೇ ನೆನಪಿದೆಯೋ ಇಲ್ಲವೋ. ಶನಿವಾರ ಡಲ್ಲಾಸ್‌ನಲ್ಲಿ ಕುಂಗ್ ಫೂ ಪಂದ್ಯ ಇಟ್ಟುಕೊಂಡು, ನೀನು ಎಡ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಬಂದಿದ್ದೆ. ಸ್ಕ್ಯಾನ್ ನೋಡಿದ ಕುಮುದಾ ಸುತ್ತು ಬಳಸದೆ ಹೇಳಿದಳು: "ಲಿಗಮೆಂಟ್ ಅರ್ಧ ಹರದದ. ಶನಿವಾರ ಕಾಳಗಕ್ಕಿಳದ್ರ ಉಳಿದರ್ಧಾನೂ ಹರೀತದ. ಆಮ್ಯಾಲೆ ಆಪರೇಶನ್ ಮಾಡಿದ್ರೂ ಮೊದಲಿನ ಕಾಲು ಬರತದ ಅಂತ ನಾ ಹೇಳಂಗಿಲ್ಲ." ನೀನು "ಐ ನೋ, ಆಂಟಿ" ಎಂದೆ. ನಿನ್ನ ಅಮ್ಮ ತಟ್ಟೆ ಬಿಟ್ಟು ಎದ್ದು ಹೋದರು. ಆಗ ನೀನು ನನ್ನ ಕಡೆ ತಿರುಗಿದೆ. "ಅಂಕಲ್, ಯೂ ಟೆಲ್ ದೆಮ್. ಅಂಬಿಗ ಮಾಸ್ತರ್ ಕೈ ಮುರಿದಿತ್ತು. ಹೀ ಸ್ಟಿಲ್ ಫಾಟ್."

ನಾನು ಅನ್ನ ಕಲೆಸುತ್ತಾ ಕೂತೆ. ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ.

ಈಗ ಹೇಳುತ್ತೇನೆ. ಇಲ್ಲ ದಿಯಾ. ಅಂಬಿಗ ಮಾಸ್ತರ ಕಾದಾಡಲಿಲ್ಲ. ಆ ಕೊನೆಯನ್ನು ಹುಟ್ಟಿಸಿದವನು ನಾನು.

ಇದನ್ನು ಮೊದಲಿನಿಂದ ಹೇಳದಿದ್ದರೆ ನೀನು ನಂಬುವುದಿಲ್ಲ. 1998ರಲ್ಲಿ ನೀನು ಒಂಬತ್ತು ವರ್ಷದವಳು. ಅಪ್ಪ ಪ್ರಶಾಂತ್ ವಾರವಿಡೀ ಡಲ್ಲಾಸ್ ಕಡೆ ಲಾಸ್ ಕೊಲಿನಾಸ್‌ನಲ್ಲಿ, ಅಮ್ಮ ದ ವುಡ್‌ಲ್ಯಾಂಡ್ಸ್‌ನ ಕಚೇರಿಯಲ್ಲಿ. ಶಾಲೆಯ ಬಸ್ಸು ನಿನ್ನನ್ನು ನಮ್ಮ ಮನೆಯ ಮುಂದೆ ಇಳಿಸುತ್ತಿತ್ತು. ಹುಬ್ಬಳ್ಳಿಯ ದಿನಪತ್ರಿಕೆಯಲ್ಲಿ ಹದಿನಾರು ವರ್ಷ ಡೆಸ್ಕಿನಲ್ಲಿ ಕೂತಿದ್ದ ನಾನು, ಹೆಂಡತಿಯ ಡಾಕ್ಟರಿಕೆಯ ಹಿಂದೆ ಈ ಊರಿಗೆ ಬಂದು, ಮಧ್ಯಾಹ್ನವೆಲ್ಲ ಮನೆಯಲ್ಲಿರುವ ಒಬ್ಬನೇ ಅಂಕಲ್ ಆಗಿದ್ದೆ. ನೀನು ಆಗ ತಾನೇ ಕುಂಗ್ ಫೂ ತರಗತಿಗೆ ಸೇರಿದ್ದೆ. ನಿನಗೆಂದು ಬೆಲ್ಲೇರ್ ರಸ್ತೆಯ ಚೀನೀ ಅಂಗಡಿಯಿಂದ ಒಂದು ಹಳೆಯ ವಿಡಿಯೊ ಕ್ಯಾಸೆಟ್ ತಂದೆ. ಹೆಸರಿನ ಚೀಟಿ ಚೀನೀ ಭಾಷೆಯಲ್ಲಿತ್ತು, ಎರಡನೇ ದಿನಕ್ಕೇ ಅದು ಕಿತ್ತುಹೋಯಿತು.

ನೂರೈವತ್ತು ವರ್ಷದ ಹಿಂದೆ ಚೀನಾದ ದಕ್ಷಿಣದಲ್ಲಿ ದೋಣಿ ನಡೆಸುತ್ತಿದ್ದ ಶೆನ್ ಎಂಬುವವನ ಕಥೆ. ಆ ಕಡೆಯ ಜನ ಅವನನ್ನು ಈಗಲೂ ನೆನೆಯುತ್ತಾರಂತೆ. ದೋಣಿ ತಳ್ಳುವ ಬಿದಿರು ಕೋಲೇ ಅವನ ಆಯುಧ. ಹಗಲು ಜನರನ್ನು ನದಿ ದಾಟಿಸುತ್ತಿದ್ದ, ಸಂಜೆ ಹುಡುಗರಿಗೆ ಕೋಲು ತಿರುಗಿಸುವುದನ್ನು ಕಲಿಸುತ್ತಿದ್ದ. ಪರದೆಯ ಕೆಳಗೆ ಓಡುವ ಇಂಗ್ಲಿಷ್ ಸಾಲುಗಳನ್ನು ಓದಿ ನಾನು ನಿನಗೆ ಕನ್ನಡದಲ್ಲಿ ಹೇಳುತ್ತಿದ್ದೆ. ನಮ್ಮ ಧಾರವಾಡ ಸೀಮೆಯಲ್ಲಿ ಕಲಿಸುವವರೆಲ್ಲ ಮಾಸ್ತರರೇ. ಹಾಗಾಗಿ ಅವನು ಅಂಬಿಗ ಮಾಸ್ತರನಾದ. ದೋಣಿಕಟ್ಟೆಯನ್ನು ಕಿತ್ತುಕೊಳ್ಳಲು ಬಂದರಿನ ಗೂಂಡಾ ಹೊಂಚುತ್ತಾನೆ. ಇಬ್ಬರೂ ಕಾಳಗ ಮಾಡಿ, ಗೆದ್ದವರಿಗೆ ಕಟ್ಟೆ ಎಂದು ಊರವರ ಮುಂದೆ ತೀರ್ಮಾನವಾಗುತ್ತದೆ. ಹಿಂದಿನ ದಿನ ಗೂಂಡಾನ ಕಡೆಯವರು ಮರೆಯಲ್ಲಿ ನಿಂತು ಮಾಸ್ತರನ ಬಲಗೈ ಮುರಿಯುತ್ತಾರೆ. ಅಷ್ಟು ಹೊತ್ತಿಗೆ ನಿನ್ನ ಅಮ್ಮ ಬಂದು ಕಾರಿನ ಹಾರ್ನ್ ಹೊಡೆದರು. "ಮುಂದಿಂದು ನಾಳೆ ನೋಡೋಣವಾ" ಎಂದು ನಾನು ಕ್ಯಾಸೆಟ್ ನಿಲ್ಲಿಸಿದೆ. ಹಿಂದಕ್ಕೆ ಸುತ್ತಲಿಲ್ಲ, ಅಲ್ಲಿಗೇ ಬಿಟ್ಟೆ.

ಅದಕ್ಕೆ ಹಿಂದಿನ ಶನಿವಾರವಷ್ಟೇ ಕನ್ನಡ ಸಂಘದ ರಾಜ್ಯೋತ್ಸವ ಮುಗಿದಿತ್ತು. ವಿಡಿಯೊ ತೆಗೆದವನು ನಾನೇ. ಮಕ್ಕಳ ಕೋಲಾಟವನ್ನು ಬೇಗ ಕಾಪಿ ಮಾಡಿಕೊಡಿ ಎಂದು ಸಂಘದವರು ದಿನಕ್ಕೆರಡು ಫೋನ್ ಮಾಡುತ್ತಿದ್ದರು. ನೀನು ಹೋದ ಮೇಲೆ ಕ್ಯಾಮೆರಾವನ್ನು ವಿಸಿಆರ್‌ಗೆ ಜೋಡಿಸಿದೆ. ಒಳಗೆ ಚೀಟಿಯಿಲ್ಲದ ಕ್ಯಾಸೆಟ್ ಇತ್ತು. ಗಡಿಬಿಡಿಯಲ್ಲಿ ಖಾಲಿ ಎಂದುಕೊಂಡು ಬಟನ್ ಒತ್ತಿದೆ. ಚಿತ್ರದ ಕಡೆಯ ಇಪ್ಪತ್ತು ನಿಮಿಷದ ಮೇಲೆ ನಮ್ಮ ರಾಜ್ಯೋತ್ಸವ ಕೂತಿತು.

ಮರುದಿನ ನೀನು ಚೀಲ ಬಿಸಾಡಿ ಟಿವಿ ಮುಂದೆ ಕೂತಾಗ, ಕ್ಯಾಸೆಟ್ ಇಲ್ಲಿಂದ ಮುಂದೆ ಕೆಟ್ಟಿದೆ ಎಂದೆ. ನಿನ್ನ ಮುಖ ಚಿಕ್ಕದಾಯಿತು. ಆ ಶನಿವಾರ ನಿನಗೆ ಮೊದಲ ಬೆಲ್ಟ್‌ನ ಪರೀಕ್ಷೆ. ಎರಡು ದಿನದಿಂದ ಹೊಟ್ಟೆ ನೋವು ಎನ್ನುತ್ತಿದ್ದೆ. ಅದು ಹೊಟ್ಟೆಯ ನೋವಲ್ಲ, ಹೆದರಿಕೆ. "ಬಟ್ ವಾಟ್ ಹ್ಯಾಪನ್ಡ್ ಟು ಮಾಸ್ತರ್?" ಎಂದು ಕೇಳಿದೆ. ನಾನು ಪೊರಕೆ ತೆಗೆದುಕೊಂಡು ಸೋಫಾ ಹತ್ತಿದೆ. ರುಮಾಲನ್ನು ನೀರಲ್ಲಿ ನೆನೆಸಿ ಮುರಿದ ಕೈಯನ್ನು ಕೋಲಿಗೇ ಬಿಗಿದು ಕಟ್ಟಿಕೊಂಡ ಎಂದೆ. ಏಳು ಸುತ್ತು ಕಾಳಗವಾಯಿತು ಎಂದೆ. ಗೂಂಡಾ ನದಿಗೆ ಬಿದ್ದಾಗ ಅದೇ ಕೋಲನ್ನು ಚಾಚಿ ಮಾಸ್ತರನೇ ಅವನನ್ನು ಎಳೆದುಕೊಂಡ ಎಂದೆ. ನಿನ್ನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಶನಿವಾರ ಬೆಲ್ಟ್ ಗೆದ್ದು ಬಂದೆ.

ಆಮೇಲೆ ಹೇಗೆ ತಿದ್ದಲಿ? ನೀನು ಆ ಚಿತ್ರವನ್ನು ಹತ್ತು ಹನ್ನೆರಡು ಸಲ ಹಾಕಿಸಿಕೊಂಡೆ. ಪ್ರತಿ ಸಲವೂ ಕೈ ಮುರಿಯುವ ಜಾಗಕ್ಕೆ ಬಂದಾಗ ನಾನು ನಿಲ್ಲಿಸುತ್ತಿದ್ದೆ, ನೀನೇ ಓಡಿಹೋಗಿ ಪೊರಕೆ ತರುತ್ತಿದ್ದೆ. ಪತ್ರಿಕೆಯಲ್ಲಿದ್ದಾಗ ಅಣೆಕಟ್ಟೆಯ ನೀರಿನ ಮಟ್ಟ ಅರ್ಧ ಅಡಿ ತಪ್ಪಾಗಿ ಅಚ್ಚಾಗಿದ್ದಕ್ಕೆ, ತಿದ್ದುಪಡಿ ಹಾಕಲೇಬೇಕು ಎಂದು ಸಂಪಾದಕರ ಜೊತೆ ಜಗಳಾಡಿದವನು ನಾನು. ನಿನ್ನ ವಿಷಯದಲ್ಲಿ ಹತ್ತು ವರ್ಷ ಸುಮ್ಮನಿದ್ದೆ. ಸುಳ್ಳಿನಿಂದ ಒಳ್ಳೆಯದೇ ಆಗುತ್ತಿದೆಯಲ್ಲ ಎಂದುಕೊಂಡೆ. ನಿಜ ಏನೆಂದು ನನಗೂ ಗೊತ್ತಿರಲಿಲ್ಲ, ತಿಳಿದುಕೊಳ್ಳಲು ಹೋಗಲೂ ಇಲ್ಲ. ಆ ಸುಳ್ಳು ಬೆಳೆದು ಒಂದು ದಿನ ನಿನ್ನ ಮೊಣಕಾಲಿಗೆ ಬಂದು ನಿಲ್ಲುತ್ತದೆ ಎಂದು ಯೋಚಿಸಿರಲಿಲ್ಲ.

ಸೋಮವಾರ ಬೆಲ್ಲೇರ್ ರಸ್ತೆಗೆ ಹೋದೆ. ಹಳೆಯ ಅಂಗಡಿ ಮುಚ್ಚಿತ್ತು. ಇನ್ನೆರಡರಲ್ಲಿ ಕೇಳಿದೆ, ಚಿತ್ರದ ಹೆಸರೇ ಗೊತ್ತಿಲ್ಲದವನಿಗೆ ಯಾರು ತಾನೇ ಹುಡುಕಿಕೊಡುತ್ತಾರೆ? ಮಂಗಳವಾರ ಮತ್ತೆ ಹೋದೆ. ನಾಲ್ಕನೇ ಅಂಗಡಿಯಲ್ಲಿ ವಯಸ್ಸಾದ ಒಬ್ಬ ಹೆಂಗಸು ಕೂತಿದ್ದರು. ಇಂಗ್ಲಿಷ್ ಅವರಿಗೂ ಕಡಿಮೆ, ಗಾಬರಿಯಲ್ಲಿ ನನಗೂ ಕಡಿಮೆ. ಮೂಲೆಯಲ್ಲಿದ್ದ ಪೊರಕೆ ಎತ್ತಿಕೊಂಡು ದೋಣಿ ತಳ್ಳಿದೆ, ತಿರುಗಿಸಿದೆ, ಬಲಗೈ ಮುರಿದುಕೊಂಡು ನರಳಿದೆ. ಆಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಒಳಗಿನಿಂದ ಡಿವಿಡಿ ತಂದುಕೊಟ್ಟರು.

ಮನೆಗೆ ಬಂದು ಚಪ್ಪಲಿ ಕಳಚದೆ ನೋಡಿದೆ. ನೋಡಿದ್ದನ್ನಷ್ಟೇ ಬರೆಯುತ್ತೇನೆ. ಕಾಳಗದ ದಿನ ಬೆಳಿಗ್ಗೆ ಕಟ್ಟೆಯ ಮೇಲೆ ಊರೆಲ್ಲ ಸೇರುತ್ತದೆ. ಗೂಂಡಾ ಕತ್ತಿ ಹಿಡಿದು ಕಾಯುತ್ತಾನೆ. ಮಾಸ್ತರ ಬರುವುದಿಲ್ಲ. ಮನೆಯಲ್ಲಿ ಹೆಂಡತಿ ಅವನ ಕೈಗೆ ಬಿದಿರು ದಬ್ಬೆ ಇಟ್ಟು ಕಟ್ಟುತ್ತಿರುತ್ತಾಳೆ. ಹೊರಗೆ ಡೋಲಿನ ಸದ್ದು ಕೇಳುತ್ತದೆ. ಅವನು ಎರಡು ಸಲ ಏಳುತ್ತಾನೆ, ಎರಡು ಸಲವೂ ಕೂರುತ್ತಾನೆ. ಸಂಜೆಗೆ ಜನ ಅವನ ಬಾಗಿಲಿಗೆ ಕೆಸರು ಎರಚಿ ಹೋಗುತ್ತಾರೆ. ಕಟ್ಟೆ ಹೋಗುತ್ತದೆ. ಕಡೆಯ ದೃಶ್ಯದಲ್ಲಿ ಮಳೆಗಾಲ ಕಳೆದಿದೆ. ನದಿಯ ಇನ್ನೂ ಮೇಲೆ, ಯಾರೂ ಇಲ್ಲದ ಒಂದು ದಡದಲ್ಲಿ ಅವನು ದೋಣಿ ಇಳಿಸಿ ಬಿದಿರು ಕೋಲನ್ನು ಎರಡೂ ಕೈಯಲ್ಲಿ ಹಿಡಿಯುತ್ತಾನೆ. ಅದಾದ ಮೇಲೆ ಮೂವತ್ತೊಂದು ವರ್ಷ ಜನರನ್ನು ದಾಟಿಸಿದ ಎಂದು ಪರದೆಯ ಮೇಲೆ ಬರುತ್ತದೆ. ಅಷ್ಟೇ.

ಒಂದನ್ನು ಮುಚ್ಚಿಡುವುದಿಲ್ಲ. ನೋಡಿದ ಕೂಡಲೇ ನನಗೆ ಬೇಸರವಾಯಿತು. ನನ್ನ ಕೊನೆಯೇ ಚೆನ್ನಾಗಿತ್ತಲ್ಲ ಎನ್ನಿಸಿತು. ಬಾಗಿಲ ಮೇಲಿನ ಆ ಕೆಸರನ್ನು ನೋಡುವುದು ಸುಲಭವಲ್ಲ. ನಿನ್ನ ತಂಡದವರು ಏನೆನ್ನುತ್ತಾರೆ, ಮೂರು ವರ್ಷದ ತಯಾರಿ ಏನಾಗುತ್ತದೆ, ಇವೆಲ್ಲ ನಿನಗೆ ಎಷ್ಟು ಭಾರವೋ ನಾನು ಬಲ್ಲೆ ಎಂದು ಹೇಳಲಾರೆ. ಆದ್ದರಿಂದ ಶನಿವಾರ ಇಳಿಯಬೇಡ ಎಂದು ನಾನು ಬರೆಯುತ್ತಿಲ್ಲ. ಕಾಲು ನಿನ್ನದು, ಹತ್ತೊಂಬತ್ತು ವರ್ಷವಾಗಿದೆ, ನಿರ್ಧಾರವೂ ನಿನ್ನದೇ. ಸುಳ್ಳು ವರದಿ ನಂಬಿಕೊಂಡು ಮಾತ್ರ ನಿರ್ಧಾರ ಮಾಡಬೇಡ. ಹತ್ತು ವರ್ಷ ತಡವಾಗಿ, ನಮ್ಮ ಪತ್ರಿಕೆಯ ರೀತಿಯಲ್ಲೇ ಹೇಳುತ್ತೇನೆ: ಅಂಬಿಗ ಮಾಸ್ತರನು ಮುರಿದ ಕೈಯಿಂದ ಕಾಳಗಕ್ಕಿಳಿದನೆಂದು ನವೆಂಬರ್ 1998ರಲ್ಲಿ ಹೇಳಿದ್ದು ತಪ್ಪು. ಅವನು ಇಳಿಯಲಿಲ್ಲ. ಪ್ರಮಾದಕ್ಕೆ ವಿಷಾದವಿದೆ.

ಇದನ್ನೂ ಅಂಕಲ್ ಹುಟ್ಟಿಸಿದ್ದು ಎಂದು ನಿನಗೆ ಅನುಮಾನ ಬರಬಹುದು. ಬರಲೇಬೇಕು. ಅದಕ್ಕೇ ಈ ಪತ್ರದ ಜೊತೆಗಿನ ಪೆಟ್ಟಿಗೆಯಲ್ಲಿ ಡಿವಿಡಿ ಇಟ್ಟಿದ್ದೇನೆ. ನಮ್ಮ ಹಳೆಯ ಕ್ಯಾಸೆಟ್ಟನ್ನೂ ಇಟ್ಟಿದ್ದೇನೆ. ಈಗ ನಿಮ್ಮಲ್ಲಿ ಯಾರ ಬಳಿಯೂ ವಿಸಿಆರ್ ಇರುವುದಿಲ್ಲವೆಂದು ಅದನ್ನೂ ಕಳಚಿ ಹಾಕಿದ್ದೇನೆ, ಎತ್ತುವಾಗ ಜೋಕೆ, ಕಾಲಿನ ಮೇಲೆ ಭಾರ ಬಿಡಬೇಡ.

ಕ್ಯಾಸೆಟ್ಟನ್ನು ಈ ಸಲ ಕೈ ಮುರಿಯುವ ಜಾಗದಲ್ಲಿ ನಿಲ್ಲಿಸಬೇಡ. ಒಂದು ಕ್ಷಣ ಪರದೆ ನಡುಗುತ್ತದೆ, ಆಮೇಲೆ ಶಾಲೆಯ ಸಭಾಂಗಣ ಬರುತ್ತದೆ. ಹಳದಿ ಲಂಗದಲ್ಲಿ ಎರಡನೇ ಸಾಲಿನಲ್ಲಿರುವವಳು ನೀನು. ಎರಡನೇ ಹಾಡಿನಲ್ಲಿ ಲಂಗದ ಅಂಚು ತುಳಿದು ನಿನ್ನ ಕಾಲು ಉಳುಕುತ್ತದೆ. ಒಂದು ಗಳಿಗೆ ನಿಂತು ಕೆಳಗೆ ನೋಡುತ್ತೀಯ. ಆಮೇಲೆ ಯಾರನ್ನೂ ಕೇಳದೆ ಸಾಲು ಬಿಟ್ಟು ಬಂದು ವೇದಿಕೆಯ ಅಂಚಿನಲ್ಲಿ ಕೂತು, ಅಲ್ಲಿಂದಲೇ ಉಳಿದವರ ಕುಣಿತಕ್ಕೆ ಕೋಲಿನಿಂದ ತಾಳ ಹಾಕುತ್ತಾ ನಗುತ್ತೀಯ. ನಿನ್ನೆ ರಾತ್ರಿ ಕ್ಯಾಸೆಟ್ ಹಾಕಿ ನೋಡುವವರೆಗೆ ಇದನ್ನು ನಾನು ಪೂರ್ತಿ ಮರೆತಿದ್ದೆ. ನೆನಪಿದ್ದದ್ದು ಸಂಘದ ಅನಸೂಯ ಆಂಟಿಯ ಬೈಗುಳ ಮಾತ್ರ. "ಏನ್ರೀ ಉದಯಶಂಕರ್, ಅಷ್ಟು ಮಕ್ಕಳು ಕುಣೀತಿದ್ರೆ ನೀವು ಕೂತಿರೋ ಹುಡುಗೀನ ತೋರಿಸಿದ್ದೀರಲ್ರೀ! ನಮ್ಮ ಸುಪ್ರಜಾ ಕಾಣ್ಸೋದೇ ಇಲ್ಲ!" ಅವರು ಹೇಳಿದ್ದು ನಿಜ. ಹಾಡು ಮುಗಿಯುವವರೆಗೂ ಕ್ಯಾಮೆರಾ ನಿನ್ನ ಮೇಲೆಯೇ ಇದೆ.

ನಾಳೆ ಬೆಳಿಗ್ಗೆ 290 ಹೆದ್ದಾರಿಯ ಮೇಲೆ ಆಸ್ಟಿನ್‌ಗೆ ಡ್ರೈವ್ ಮಾಡಿ, ಪೆಟ್ಟಿಗೆಯನ್ನು ನಿನ್ನ ಬಾಗಿಲಲ್ಲಿಟ್ಟು ಬಂದುಬಿಡುತ್ತೇನೆ. ಬೆಲ್ ಒತ್ತುವುದಿಲ್ಲ. ಶನಿವಾರ ಹತ್ತು ಗಂಟೆಗೆ ಡಲ್ಲಾಸ್‌ನಲ್ಲಿ ಪಂದ್ಯ ನಡೆಯುವ ಸಭಾಂಗಣದಲ್ಲಿರುತ್ತೇನೆ. ಕುಮುದಾ ಕೂಡ ಬರುತ್ತಾಳೆ. ನೀನು ಅಖಾಡದೊಳಗಿದ್ದರೂ ಸರಿ, ಬದಿಯ ಬೆಂಚಿನ ಮೇಲಿದ್ದರೂ ಸರಿ. ಹಳೆಯ ಕ್ಯಾಮೆರಾಗೆ ಬ್ಯಾಟರಿ ಚಾರ್ಜ್ ಹಾಕಿದ್ದೇನೆ. ಈ ಸಲವೂ ಅದು ನಿನ್ನ ಕಡೆಗೇ ಇರುತ್ತದೆ.

ನಿನ್ನ ಎರಡೂ ಕಾಲು ನಿನ್ನನ್ನು ಬಹಳ ದೂರ, ಬಹಳ ವರ್ಷ ನಡೆಸಲಿ.

ಇಂತಿ, ಪೊರಕೆ ಕೆಳಗಿಟ್ಟಿರುವ ನಿನ್ನ
ಉದಯಶಂಕರ ಅಂಕಲ್