ಮಂಚದಿಂದ ಇಳಿದ ಮೇಲೆ

ಮಾರ್ಚ್ ೧೪

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ನಿನ್ನ ಕಾಗದ ಬಂದು ತಿಂಗಳಾಗುತ್ತ ಬಂತು. ಉತ್ತರ ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಈಗ ಕುಳಿತುಕೊಂಡೇ ಬರೆಯುತ್ತಿದ್ದೇನೆ. ಗೋಡೆ ಹಿಡಿದು ಬಚ್ಚಲುಮನೆಯವರೆಗೆ ನಡೆಯುತ್ತೇನೆ. ಮೊಣಕಾಲು ಮಾತ್ರ ನನ್ನ ಮಾತು ಕೇಳುವುದಿಲ್ಲ.

ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದೆ. ಐದನೇ ತಿಂಗಳಲ್ಲಿ ಡಾಕ್ಟರು ಗರ್ಭದ ಬಾಯಿ ಸಡಿಲವಾಗಿದೆ ಎಂದು ಹೊಲಿಗೆ ಹಾಕಿ, ಹಾಸಿಗೆ ಬಿಟ್ಟು ಏಳಕೂಡದು ಎಂದರಲ್ಲ, ಅವತ್ತೇ ನಮ್ಮ ಯಜಮಾನರು ಮಂಚದ ಕಾಲ್ದೆಸೆಗೆ ಇಟ್ಟಿಗೆ ಕೊಟ್ಟು ಎತ್ತರ ಮಾಡಿದರು. ಊರವರ ಬಟ್ಟೆ ಹೊಲಿಯುವವಳಿಗೇ ಹೊಲಿಗೆ ಬಿತ್ತು ಎಂದು ನಾನೇ ನಗಾಡಿದ್ದೆ. ಯಂತ್ರಕ್ಕೆ ಹಳೇ ದುಪ್ಪಟಿ ಹೊದಿಸಿ ಮೂಲೆಗೆ ತಳ್ಳಿದೆವು. ಅತ್ತೆಯ ಬಗ್ಗೆ ಸುಳ್ಳು ಹೇಳಬಾರದು. ಬೆಡ್‌ಪ್ಯಾನ್ ಎತ್ತುವಾಗಲೂ ಮುಖ ಸಿಂಡರಿಸಲಿಲ್ಲ. ತಲೆ ಬಾಚಿದರು, ತುತ್ತು ಮಾಡಿ ಬಾಯಿಗಿಟ್ಟರು. ನಾನು ಎಡಮಗ್ಗುಲಾಗಿ ಮಲಗಿ ಗೋಡೆಯ ತೇವದ ಕಲೆ ನೋಡುತ್ತಿದ್ದೆ. ಮಗು ಒದ್ದಾಗ ಮಾತ್ರ ನಾನೂ ಇನ್ನೂ ಇದ್ದೇನೆ ಅನಿಸುತ್ತಿತ್ತು.

ಆರನೇ ತಿಂಗಳು ತುಂಬುವ ಮೊದಲೇ, ಒಂದು ಮಧ್ಯಾಹ್ನ ಅತ್ತೆ ಗಂಜಿ ಕುಡಿಸುತ್ತಿದ್ದಾಗ, ಮಲಗಿದ್ದಲ್ಲೇ ನೀರು ಒಡೆಯಿತು. ಅವರ ಕೈಯಿಂದ ಚಮಚ ಬಿತ್ತು. ಮರುದಿನ ಬೆಳಗ್ಗೆ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು, ಅಕ್ಕ. ನಮ್ಮಮ್ಮನ ಹಾಗೇ ಅಗಲ ಹಣೆ. ಗಾಜಿನ ಪೆಟ್ಟಿಗೆಯಲ್ಲಿ ಸಂಜೆಯವರೆಗೆ ಉಸಿರಾಡಿತು. ನರ್ಸಮ್ಮ ನನ್ನ ಬೆರಳನ್ನು ಅದರ ಕೈಗೆ ಮುಟ್ಟಿಸಿದರು, ಹಿಡಿದುಕೊಂಡಿತು.

ಎಲ್ಲ ಮುಗಿದ ಮೇಲೆ ಇವರು ನನ್ನ ಪಕ್ಕ ಬಂದು ಕುಳಿತರು. ಅಳುತ್ತಾರೆ ಅಂದುಕೊಂಡೆ.

"ನಿಜ ಹೇಳು, ನಾವ್ಯಾರೂ ಇಲ್ದಾಗ ಒಂದ್ಸಲನಾದ್ರೂ ಎದ್ದಿದ್ಯಾ?"

"ಇಲ್ಲ" ಅಂದೆ.

ಡಾಕ್ಟರು ಇವರನ್ನು ಕರೆದು, ಇದರಲ್ಲಿ ಯಾರ ತಪ್ಪೂ ಇಲ್ಲ, ಮಲಗಿದ್ದರೂ ಹೀಗಾಗುವುದುಂಟು ಎಂದು ಬಿಡಿಸಿ ಹೇಳಿದರಂತೆ. ಇವರು ತಲೆಯಾಡಿಸಿ ಬಂದರಂತೆ. ಆದರೂ ನೋಡಲು ಬಂದವರಿಗೆಲ್ಲ ಅತ್ತೆ, ಯಾವಾಗಲೋ ಎದ್ದಿರಬೇಕು, ಹುಡುಗಿಗೆ ಮೊದಲಿಂದಲೂ ಕೂತಲ್ಲಿ ಕೂರುವ ಬುದ್ಧಿಯಿಲ್ಲ ಎನ್ನುತ್ತಾರೆ. ನೀರು ಒಡೆದಾಗ ಎದುರಿಗಿದ್ದವರು ಅವರೇ. ಇವರು ಕೇಳಿಸಿಕೊಂಡೇ ಬಂದವರಿಗೆ ಕುರ್ಚಿ ಎಳೆದು ಕೊಡುತ್ತಾರೆ.

ನಿನ್ನೆ ಯಂತ್ರದ ಮುಂದೆ ಕುಳಿತೆ. ತುಳಿಯಲು ಕಾಲಿಗೆ ಬಲವಿಲ್ಲ. ಬರುತ್ತದೆ, ಬಿಡು.

ಭಾವನವರಿಗೆ ನಮಸ್ಕಾರ ತಿಳಿಸು. ನಿನ್ನ ಮಕ್ಕಳು ನೂರು ಕಾಲ ಚೆನ್ನಾಗಿರಲಿ.

ಇಂತಿ,
ನಿನ್ನ ತಂಗಿ

ಬರೆಯದೆ ಬಿಟ್ಟಿದ್ದು: ಆಸ್ಪತ್ರೆಯಿಂದ ಫೋನ್ ಮಾಡಿದ ದಿನ, ನನ್ನ ಅಳು ನಿಲ್ಲುವವರೆಗೆ ಕಾದು, ನೀನೂ ಮೆಲ್ಲಗೆ ಅದನ್ನೇ ಕೇಳಿದೆ ಅಕ್ಕ. "ಯಾರಿಗೂ ಹೇಳಲ್ಲ ಕಣೇ, ನನಗಾದ್ರೂ ಹೇಳು" ಅಂದೆ. ಹೇಳುತ್ತಿದ್ದೇನೆ. ನಾನು ಎದ್ದಿರಲಿಲ್ಲ.