ಮೂವತ್ತು ಬಾಯಿಗೆ ಒಂದೇ ಕೊಳವೆ

ಬಸ್ ಚಾಲಕರ ಆರೋಗ್ಯ ನೋಡಿಕೊಳ್ಳಲೆಂದೇ ನೇಮಕವಾಗಿರುವ ಮಾನ್ಯ ಅಧಿಕಾರಿಗಳೇ,

ಕುಡಿದು ಬಂದಿದ್ದೇವೆಯೇ ಎಂದು ಪರೀಕ್ಷಿಸುವ ಯಂತ್ರಕ್ಕೆ ನಮ್ಮ ಡಿಪೋದ ಮೂವತ್ತು ಚಾಲಕರು ದಿನವೂ ಒಂದೇ ಕೊಳವೆ ಕಚ್ಚಿ ಊದುತ್ತಿದ್ದೇವೆ. ತಲೆಗೊಂದರಂತೆ ಬಳಸಿ ಎಸೆಯಬೇಕಾದ ಕೊಳವೆಗಳು ಡಬ್ಬಿಗಟ್ಟಲೆ ಬೀರುವಿನಲ್ಲಿವೆ. ಬೀರುವಿಗೆ ಬೀಗವಿದೆ. ತಾವು ತಪಾಸಣೆಗೆ ಬರುವ ದಿನ ಮಾತ್ರ ಅದು ತೆರೆಯುತ್ತದೆ. ಡಬ್ಬಿಗಳನ್ನು ನೋಡಿ ತಾವು 'ತೃಪ್ತಿಕರ' ಎಂದು ಬರೆದು ಹೋಗಿದ್ದೀರಿ. ತೃಪ್ತಿ ಯಾರಿಗೆ ಎಂದು ಕೇಳಬಹುದೇ? ಯಂತ್ರದ ಮೇಲ್ಗಡೆಯೇ ತಮ್ಮ ಕಚೇರಿಯ ಭಿತ್ತಿಪತ್ರವಿದೆ: ಕೆಮ್ಮುವಾಗ ಬಾಯಿ ಮುಚ್ಚಿಕೊಳ್ಳಿ, ಜ್ವರವಿದ್ದರೆ ಮನೆಯಲ್ಲೇ ಇರಿ. ಅದನ್ನು ಓದುತ್ತಲೇ ನಾವು ಬಾಯಿ ತೆರೆಯುತ್ತೇವೆ.

ನಾನು ಪುಕ್ಕಲ. ಹ್ಯಾಂಡ್ ಬ್ರೇಕ್ ಹಾಕಿದೆನೇ ಎಂದು ಇಳಿದ ಮೇಲೂ ಎರಡು ಸಲ ಹತ್ತಿ ನೋಡುವವನು. ಓದು ಏಳನೇ ತರಗತಿಯ ಅರ್ಧಕ್ಕೇ ನಿಂತಿತು. ಈ ಪತ್ರದಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಿ, ಆದರೆ ಓದಿ.

ಮೂರು ವಾರದ ಹಿಂದೆ, ದೊಡ್ಡ ಗಂಟಲಿನವನೆಂದು ನಾವು 'ಹಾರನ್' ಎಂದು ಕರೆಯುವ ಚಾಲಕ ಸಾಲಿನಲ್ಲಿ ನನ್ನ ಮುಂದಿದ್ದ. ಕಣ್ಣು ಕೆಂಪಗಿತ್ತು, ಗಂಟಲಿನಿಂದ ಸ್ವರವೇ ಹೊರಡುತ್ತಿರಲಿಲ್ಲ.

"ಏನಯ್ಯಾ, ಇವತ್ತು ಹಾರನ್ ಹೊಡೀತಾನೇ ಇಲ್ಲ?" ಎಂದು ಯಂತ್ರ ಹಿಡಿದು ನಿಂತಿದ್ದ ಕಾವಲುಗಾರ ನಕ್ಕ.

"ಜ್ವರ ಕಣಣ್ಣಾ. ಮೈಯೆಲ್ಲ ನೋವು. ರಜೆ ಕೇಳಿದ್ರೆ, ಬಂದು ಮುಖ ತೋರ್ಸಿ ಹೋಗು ಅಂದ್ರು."

"ಬಂದಿದ್ದೀಯಲ್ಲ, ಊದಿಬಿಡು. ಕುಡಿದಿಲ್ಲ ಅಂತಾದ್ರೂ ಗೊತ್ತಾಗ್ಲಿ."

ಅವನು ಊದಿದ, ಕೆಮ್ಮಿದ, ಮತ್ತೆ ಊದಿದ. ಕಾವಲುಗಾರ ಕೊಳವೆಯನ್ನು ತನ್ನ ಅಂಗಿಯ ತುದಿಗೆ ಒರೆಸಿ ನನ್ನತ್ತ ಹಿಡಿದ. ಹಿಂಜರಿದೆ. "ಏನಯ್ಯಾ, ಮದುಮಗಳ ಥರ ನಾಚ್ಕೊಳ್ತೀಯಾ?" ಎಂದ. ಹಿಂದಿದ್ದವರೆಲ್ಲ ನಕ್ಕರು. ನಾನೂ ನಕ್ಕು ಊದಿದೆ.

ಮೂರನೇ ದಿನ ನನ್ನ ಮೂಗು ಸೋರತೊಡಗಿತು. ಬರೀ ನೆಗಡಿ ಎಂದುಕೊಂಡು ಐವತ್ತು ದಿನದ ಮೊಮ್ಮಗಳನ್ನು ಎತ್ತಿ ಆಡಿಸಿದೆ. ಎಲ್ಲಕ್ಕೂ ಹೆದರುವ ನಾನು, ಹೆದರಬೇಕಾದ ಅದೊಂದಕ್ಕೆ ಹೆದರಲಿಲ್ಲ. ಆ ವಾರವೇ ಮಗು ಕೆಮ್ಮಿತು, ಹಾಲು ಕುಡಿಯುವುದನ್ನು ಬಿಟ್ಟಿತು. ಔಷಧಿ ಅಂಗಡಿಯವನು ಕೊಟ್ಟ ಸಿರಪ್ಪನ್ನು ಕುಡಿಸಲು ಹೋದ ಮಗಳು ಚಮಚ ಕೆಳಗಿಟ್ಟಳು. "ಅಪ್ಪಾ, ಇಲ್ನೋಡು, ಉಸಿರೆಳೆದಾಗ ಪಕ್ಕೆ ಒಳಗೆ ಹೋಗ್ತಿದೆ" ಎಂದವಳೇ ಆಸ್ಪತ್ರೆಗೆ ಓಡಿದಳು. ನಾನು ಹಿಂದೆಯೇ ಓಡಿದೆ.

ನರ್ಸಮ್ಮ ನೋಡಿದೊಡನೆ ಬೈದರು: "ಇದು ವೈರಸ್ಸು. ನಿಮ್ಮ ಸಿರಪ್ಪಿಗೂ ಬಗ್ಗಲ್ಲ, ಆಂಟಿಬಯಾಟಿಕ್ಕಿಗೂ ಬಗ್ಗಲ್ಲ. ಮೂಗು ಕ್ಲೀನ್ ಮಾಡಿ ಆಕ್ಸಿಜನ್ ಕೊಡ್ತೀವಿ. ಇನ್ನೊಂದು ದಿನ ಬಿಟ್ಟಿದ್ರೆ ಏನ್ರೀ ಗತಿ? ಮನೇಲಿ ಯಾರಿಗಿತ್ತು ನೆಗಡಿ?"

ಮಗಳು ನನ್ನ ಕಡೆ ನೋಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ರೋಗ ಆ ಕೊಳವೆಯಿಂದಲೇ ಬಂತೆಂದು ಆಣೆ ಮಾಡಲಾರೆ. ಬಸ್ಸಿನಲ್ಲಿ ಕೆಮ್ಮುವವರಿಗೇನು ಬರವೇ? ಆದರೆ ಹಾರನ್ ನಂತರ ಊದಿದ ಹದಿನೆಂಟು ಮಂದಿಯಲ್ಲಿ ಹನ್ನೊಂದು ಮಂದಿ ಆ ವಾರವೇ ಹಾಸಿಗೆ ಹಿಡಿದರು. ಇದೂ ಕಾಕತಾಳೀಯವೇ, ಸ್ವಾಮಿ? ಬೀರು ತೆರೆಸಿ ಎಂದು ಡಿಪೋ ವ್ಯವಸ್ಥಾಪಕರನ್ನು ಬೇಡಿಕೊಂಡೆ, ಕಾಲು ಹಿಡಿಯುವುದೊಂದು ಬಾಕಿ. "ಡಬ್ಬಿ ಖಾಲಿಯಾದ್ರೆ ತಪಾಸಣೆಗೆ ಏನಯ್ಯಾ ತೋರ್ಸ್ಲಿ?" ಎಂದರು ಅವರು. ಹೌದಲ್ಲವೇ. ಕೊಳವೆ ಇರುವುದು ತಮ್ಮ ಕಣ್ಣಿಗೆ, ನಮ್ಮ ಬಾಯಿಗಲ್ಲ.

ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದ ಮಗು ಈ ಶನಿವಾರ ಮನೆಗೆ ಬರುತ್ತದೆ. ರಜೆ ಮುಗಿದು ಸೋಮವಾರ ನಾನು ಕೆಲಸಕ್ಕೆ ಹಾಜರಾಗಬೇಕು. ಅಷ್ಟರೊಳಗೆ ಬೀರುವಿನ ಬೀಗ ತೆಗೆಸಿ, ಒಬ್ಬೊಬ್ಬರಿಗೆ ಹೊಸ ಕೊಳವೆ ಕೊಡಿಸಿ. ಜ್ವರ ಬಂದವನು ಫೋನಿನಲ್ಲೇ ರಜೆ ಪಡೆಯುವಂತೆ ಲಿಖಿತ ಆದೇಶ ಹೊರಡಿಸಿ. ಇಲ್ಲವಾದರೆ ನಾನು ಊದುವುದಿಲ್ಲ. ಊದಲೊಪ್ಪದವನು ಕುಡಿದವನೆಂದೇ ತಮ್ಮ ನಿಯಮ ಹೇಳುತ್ತದೆ, ಗೊತ್ತು. ಕೆಲಸ ಹೋದರೆ ಮುಂದೇನು ಎಂಬ ಹೆದರಿಕೆಯೂ ಇದೆ. ಆದರೂ ಊದುವುದಿಲ್ಲ. ಮಗಳು ಆ ಮಗುವನ್ನು ಮತ್ತೆ ನನ್ನ ಕೈಗೆ ಕೊಡುತ್ತಾಳೋ ಇಲ್ಲವೋ ತಿಳಿಯದು. ಕೊಟ್ಟರೆ, ಕೈ ಚಾಚುವ ಧೈರ್ಯವಾದರೂ ನನಗಿರಬೇಕು.

ಇಂತಿ,
ಸೋಮವಾರದಿಂದ ತಮ್ಮ ಕಡತದಲ್ಲಿ ಕುಡುಕನೆನಿಸಲಿರುವ,
ಜನ್ಮದಲ್ಲಿ ಒಂದು ತೊಟ್ಟೂ ಮುಟ್ಟದ ಚಾಲಕ